ಆ ಕಡೆಯ ಕೊಂಬು

ನಮ್ಮ ಈ ಕಲಾವಿದರು ಯಾವುದನ್ನೂ ನೋಡಿ ಬರೆಯುವವರಲ್ಲ. ಅವರ ರಾಕ್ಷಸರು, ಯಕ್ಷಿಯರು, ಕೊಂಬಿನ ರಾಜರು ಎಲ್ಲರೂ ನೇರವಾಗಿ ತಲೆಯಿಂದಲೇ ಇಳಿದು ಬರುತ್ತಾರಂತೆ. ತಲೆ ಅಷ್ಟು ದುಡಿಯುವಾಗ ಕೈಕಾಲಿಗೆ ಬೇರೆ ಕೆಲಸ ಹೇಳಬಾರದೆಂಬುದು ಮನೆಯ ಕಟ್ಟಳೆ. ಕುಡಿದ ಲೋಟ ಕುಡಿದಲ್ಲೇ, ಬಿಚ್ಚಿದ ಅಂಗಿ ಬಿಚ್ಚಿದಲ್ಲೇ ಇರುತ್ತಿತ್ತು. ಹೆಂಡತಿ ಎತ್ತುತ್ತಿದ್ದಳು.

ಅವಳ ಪಾಲಿಗೆ ಬಂದದ್ದರಲ್ಲಿ ಒಂದು ಕೊಂಬೂ ಇತ್ತು.

ಮಕ್ಕಳ ಕಥೆಪುಸ್ತಕಗಳಿಗೆ ಚಿತ್ರ ಬರೆಯುವ ಈ ಮಹಾಶಯರಿಗೆ ಈಚೆ ಕಡೆಯ ಕೊಂಬು ಚೆನ್ನಾಗಿಯೇ ಬರುತ್ತಿತ್ತು. ತುಸು ತಿರುಗಿದ ಮುಖದ ಆಚೆ ಕಡೆಯದು ಮಾತ್ರ ಏನು ಮಾಡಿದರೂ ಬಾರದು. ಮೊದಲು ಮುಖ, ಆಮೇಲೆ ಕೂದಲು, ಕೊನೆಗೆ ಗೋಡೆಗೆ ಮೊಳೆ ಹೊಡೆದಂತೆ ಕೊಂಬು, ಇದು ಅವರ ಪದ್ಧತಿ. ಆಚೆಯದು ಒಮ್ಮೆ ಕಿವಿಯಿಂದ ಹೊರಡುತ್ತಿತ್ತು, ಒಮ್ಮೆ ಗಾಳಿಯಲ್ಲಿ ತೇಲುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳು ನೋಡಲಾರದೆ ಅದನ್ನು ಅಳಿಸಿ, ಕೂದಲ ಕೆಳಗಿನ ಬುರುಡೆಯನ್ನು ತೆಳುವಾಗಿ ಗೀಚಿ, ಕೊಂಬಿನ ಬುಡ ಗುರುತಿಸಿ, ಅರ್ಧವನ್ನು ತಲೆಯ ಹಿಂದೆ ಮರೆಮಾಡಿ ಎಬ್ಬಿಸಿದ್ದಳು. ರಾಜ ಹಾಳೆಯಿಂದ ಎದ್ದು ಬರುವಂತಿದ್ದ. "ಪರವಾಗಿಲ್ಲ, ಕೈ ನೀಟಾಗಿದೆ" ಎಂದಿದ್ದರು ಕಲಾವಿದರು. ಅಂದಿನಿಂದ ಅದೂ ಮನೆಗೆಲಸಕ್ಕೆ ಸೇರಿತು. "ಆ ಕಡೇದೊಂದು ಮಾಡ್ಬಿಡೇ" ಎನ್ನುತ್ತಿದ್ದರು, ಬಾಗಿಲು ಹಾಕ್ಕೊಂಡು ಹೋಗೇ ಎಂಬಷ್ಟೇ ಸಲೀಸಾಗಿ.

ಬಹಳ ಕಾಲದ ಮೇಲೆ ಅವಳೂ ಒಂದು ಮಾತು ಕೇಳಿದಳು.

"ಈ ಸಲದ ಪುಸ್ತಕದಲ್ಲಿ ನನ್ನ ಹೆಸರೂ ಹಾಕ್ಸಿ."

"ಒಂದು ಕೊಂಬಿಗೆ ಹೆಸರಾ? ಹಾಗಾದ್ರೆ ಪೆನ್ಸಿಲ್ ಕೆತ್ತಿದವರದ್ದೂ ಹಾಕ್ಬೇಕಾಗತ್ತೆ."

"ಕೆತ್ತೋದೂ ನಾನೇ."

"ನಿಂಗೇ ಕೊಂಬು ಬಂದ ಹಾಗಿದೆ" ಎಂದು ತಮ್ಮ ಚಮತ್ಕಾರಕ್ಕೆ ತಾವೇ ನಕ್ಕರು. ಅಂಥ ನಗೆಗೆ ಜೊತೆ ಕೊಡುವುದೂ ಅವಳ ಮನೆಗೆಲಸವೇ ಆಗಿತ್ತು. ಅಂದು ಕೊಡಲಿಲ್ಲ.

ಆ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಪ್ರಕಾಶಕಿ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟುಕೊಂಡಳು. ಕಲಾವಿದರು ಮಕ್ಕಳ ಎದುರೇ ಕೊಂಬಿನ ರಾಜನನ್ನು ಬರೆಯಬೇಕು. ಫ್ಲಾಸ್ಕು, ಪೆನ್ಸಿಲಿನ ಚೀಲ ಹೊರಲು ಹೆಂಡತಿಯೂ ಜೊತೆಗೆ ಹೋದಳು. ವೇದಿಕೆಯ ಮೇಲೆ ಅವರ ಬೆನ್ನ ಹಿಂದೆ ಅವಳಿಗೊಂದು ಸ್ಟೂಲು.

"ನೋಡಿ ಮಕ್ಕಳೇ, ಕಲ್ಪನೆ ಇದ್ರೆ ಎದುರಿಗೆ ಏನೂ ಬೇಕಾಗಿಲ್ಲ" ಎಂದರು, ಅಂಗಿಗೆ ಸಿಕ್ಕಿಸಿದ್ದ ಮೈಕಿನಲ್ಲಿ. ಮುಖ ಬಂತು, ಮೀಸೆ ಬಂತು, ಈಚೆ ಕಡೆಯ ಕೊಂಬೂ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಅಮಲಿನಲ್ಲಿ ಅವರು ರೂಢಿಯಂತೆ ತಿರುಗಿಯೂ ನೋಡದೆ ಪೆನ್ಸಿಲನ್ನು ಹಿಂದಕ್ಕೆ ಚಾಚಿದರು.

"ಆ ಕಡೇದೊಂದು ಮಾಡ್ಬಿಡೇ."

ಮೈಕು ಅದನ್ನು ಕೊನೆಯ ಬೆಂಚಿನವರೆಗೂ ನಿಷ್ಠೆಯಿಂದ ಮುಟ್ಟಿಸಿತು.

"ಯಾವ ಕಡೇದು?" ಎಂದಳು ಪ್ರಕಾಶಕಿ.

ಹೆಂಡತಿ ಕೈ ಚಾಚಲಿಲ್ಲ. ಅವರು ಹಲ್ಲು ಕಿರಿದು, ತಾವೇ ಗೀಚಿದರು. ರಾಜನ ಕಿವಿಯಿಂದ ಏನೋ ಬಾಗಿಕೊಂಡು ಹೊರಬಿತ್ತು.

"ಅದು ನಲ್ಲೀನಾ ಸರ್?" ಮುಂದಿನ ಸಾಲಿನ ಹುಡುಗಿ ವಿನಯದಿಂದಲೇ ಕೇಳಿದಳು.

"ಬಾರೇ" ಎಂದು ಪಿಸುಗುಟ್ಟಿದರು. ಮೈಕಿಗೆ ಪಿಸುಮಾತು ಗೊತ್ತಿಲ್ಲ.

"ಪುಸ್ತಕದಲ್ಲಿ ಹೆಸರು?" ಅವಳು ಕೂತಲ್ಲಿಂದಲೇ ಕೇಳಿದಳು.

ಪ್ರಕಾಶಕಿ ಇಬ್ಬರನ್ನೂ ನೋಡಿದಳು. "ಅಂದ್ರೆ ಇಷ್ಟು ದಿನ ಆ ಕಡೇದೆಲ್ಲ ಇವರದ್ದೇನಾ?"

ಲೋಕವನ್ನೇ ಇಳಿಸುತ್ತಿದ್ದ ಆ ತಲೆ ಹೌದೆಂಬಂತೆ ಒಂದಿಷ್ಟೇ ಅಲ್ಲಾಡಿತು.

"ಹಾಗಾದ್ರೆ ಹಾಕ್ತೀನಮ್ಮಾ. ಮಕ್ಕಳ ಎದುರಿಗೇ ಹೇಳ್ತಿದೀನಿ."

ಅವಳು ಎದ್ದಳು. ಮೊದಲು ನಲ್ಲಿಯನ್ನು ಅಳಿಸಿದಳು.

ಮನೆಗೆ ಬಂದು ಅವರು ಮುಖ ಊದಿಸಿಕೊಂಡು ಕುರ್ಚಿಗೆ ಬಿದ್ದರು. "ಟೀ ಆದ್ರೂ ಮಾಡ್ತೀಯೋ, ಅದಕ್ಕೂ ಹೆಸರು ಹಾಕ್ಸಬೇಕೋ?"

ಅವಳು ತನಗೆಂದು ಒಲೆಯ ಮೇಲಿಟ್ಟ ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದಳು. "ಆ ಕಡೆ ಒಲೆ ಖಾಲಿ ಇದೆ, ಮಾಡ್ಕೊಳ್ಳಿ."

ಅವರು ಅಡುಗೆಮನೆಯ ನಡುವೆ ನಿಂತು ಸುತ್ತಲೂ ನೋಡಿದರು. "ಟೀಪುಡಿ ಡಬ್ಬಿ ಎಲ್ಲಿದೆ?"

"ಕಲ್ಪನೆ ಮಾಡ್ಕೊಳ್ಳಿ" ಎಂದು ಅವಳು ಲೋಟ ಹಿಡಿದು ಹೊರಗೆ ಹೋದಳು.