ಪೈಪು ತೆಗೆದ ಮೇಲಿನ ನಾಲ್ಕು ದಿನ

ನಾನು ನಿಮ್ಮ ಅಜ್ಜನನ್ನು ಉಪವಾಸ ಕೆಡವಿ ಕಳಿಸಿದೆ ಎಂದು ಯಾರೋ ನಿಮ್ಮ ಕಿವಿಯಲ್ಲಿ ಊದಿದ್ದಾರಂತೆ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಎರಡನೇ ಸಲ ಲಕ್ವಾ ಹೊಡೆದ ಮೇಲೆ ಅವರಿಗೆ ನುಂಗಲು ಬರಲಿಲ್ಲ. ಮಾತೂ ಹೋಯಿತು. ಗೋಕಾಕದ ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ಸಣ್ಣ ಪೈಪು ಇಳಿಸಿ, ಕುಲಗೋಡದ ಮನೆಗೆ ಕಳಿಸಿದರು. ಅದರಲ್ಲೇ ತೆಳು ಗಂಜಿ, ಹಾಲು ಬಿಡುತ್ತಿದ್ದೆ. ಎರಡು ತಿಂಗಳಾಗುವಷ್ಟರಲ್ಲಿ ಅವರು ಕಣ್ಣು ತೆರೆಯುವುದೂ ಅಪರೂಪವಾಯಿತು. ಬಿಟ್ಟದ್ದೆಲ್ಲ ಎದೆಗೇರಿ ಕೆಮ್ಮು ಬರುತ್ತಿತ್ತು.

ಆಗ ಅವರ ಅಕ್ಕ, ನಿಮ್ಮ ಹುಕ್ಕೇರಿ ಅಜ್ಜಿ, ನಾನು ಅಕ್ಕಾರ ಎಂದು ಕರೆಯುವವರು, ಬಂದರು. ದಾರಿಯಲ್ಲಿ ಗೋಕಾಕದಲ್ಲಿ ಇಳಿದು ಕರದಂಟು ಕೊಂಡಿದ್ದರು.

"ಬರೇ ಗಂಜಿ ಹಾಕಿ ನನ್ನ ತಮ್ಮನ್ನ ಕಡ್ಡಿ ಮಾಡೀಯಲ್ಲವಾ!"

ನಾನು ಸೆರಗು ಸರಿಮಾಡಿಕೊಂಡೆ. ನಾನು ಎಮ್ಮೆ ಹಿಂಡಲು ಹೋದಾಗ ಅವರು ಕರದಂಟನ್ನು ಹಾಲಿನ ಜೊತೆ ಮಿಕ್ಸಿಗೆ ಹಾಕಿ, ಸೋಸಿ, ಪೈಪಿಗೆ ಬಿಟ್ಟರು. ಕರದಂಟಿನಲ್ಲಿ ಅಂಟು ಇರುತ್ತದೆ, ಮಕ್ಕಳೇ. ಅದು ಹೊಟ್ಟೆಗೆ ಹೋಗುವ ಬದಲು ಪೈಪಿನಲ್ಲೇ ಸಂಸಾರ ಹೂಡಿತು. ಆಮೇಲೆ ನೀರೂ ಇಳಿಯಲಿಲ್ಲ.

ಮತ್ತೆ ಗೋಕಾಕಕ್ಕೆ ಒಯ್ದೆವು. ಡಾಕ್ಟರು ಪೈಪು ಎಳೆದು ಬೆಳಕಿಗೆ ಹಿಡಿದರು.

"ಇದೇನ್ರಿ?"

"ತಮ್ಮಗ ಶಕ್ತಿ ಬರ್ಲಿ ಅಂತ ಕರದಂಟ ಹಾಕಿದ್ನಿರಿ," ಎಂದರು ಅಕ್ಕಾರ.

"ಶಕ್ತಿ ಎಲ್ಲಾ ಪೈಪಿಗೆ ಬಂದೈತ್ರಿ."

ಆಮೇಲೆ ಡಾಕ್ಟರು ನಗಲಿಲ್ಲ. ಇನ್ನು ಉಳಿದಿರುವುದು ಕೆಲವೇ ದಿನ, ಹೊಸ ಪೈಪು ಹಾಕದಿರುವುದೇ ಒಳ್ಳೆಯದು, ಆದರೆ ತೀರ್ಮಾನ ಮನೆಯವರದು ಎಂದರು. ನಿಮ್ಮಪ್ಪ ನನ್ನ ಮುಖ ನೋಡಿದ. ಜೀವಮಾನದಲ್ಲಿ ಮೊದಲ ಸಲ ನಾನು ಡಾಕ್ಟರನ್ನು ಪ್ರಶ್ನೆ ಕೇಳಿದೆ, ಗೋಡೆ ನೋಡುತ್ತ:

"ಹಸ್ತು ಸಂಕಟಪಡ್ತಾರೇನ್ರಿ?"

"ಈ ಹೊತ್ತಿನಾಗ ದೇಹ ಅನ್ನಾ ಕೇಳೂದು ಬಿಟ್ಟಿರತೈತ್ರಿ. ಬಾಯಿ ಒಣಗತೈತಿ, ತುಟಿ ಹಸಿ ಮಾಡ್ಕೊಂತ ಇರ್ರಿ. ತ್ರಾಸ ಕಂಡ್ರ ಫೋನ್ ಮಾಡ್ರಿ, ಔಷಧ ಐತಿ."

ಹೊಸ ಪೈಪು ಬೇಡ ಎಂದು ತಲೆಯಾಡಿಸಿದೆ. ಪೈಪಿಲ್ಲದೆ ಮನೆಗೆ ಬಂದೆವು.

ಅವರು ಹಸಿದರೆ ಹೇಗಿರುತ್ತಾರೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಊಟ ಹತ್ತು ನಿಮಿಷ ತಡವಾದರೆ ಹುಬ್ಬು ಗಂಟಾಗುತ್ತಿತ್ತು. ಊಟ ಕೇಳುತ್ತಿರಲಿಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತು ಮೂಡಲಗಿ ಬಸ್ಸು ತಡವಾಯಿತೆಂದು ಬೈಯುತ್ತಿದ್ದರು. ಹತ್ತಿಯಿಂದ ತುಟಿ ಒದ್ದೆ ಮಾಡುತ್ತ ನಾನು ಆ ಹುಬ್ಬನ್ನೇ ಕಾದೆ. ಅದು ಸಡಿಲವಾಗಿಯೇ ಇತ್ತು.

ಅಕ್ಕಾರ ನಂಬಲಿಲ್ಲ. ಕಿವಿಗೆ ಬಾಯಿಟ್ಟು ಪರೀಕ್ಷೆ ಮಾಡಿದರು.

"ತಮ್ಮಾ, ಹೋಳಿಗಿ ಮಾಡೇನಿ. ತುಪ್ಪಾ ಹಾಕ್ಲೇನು?"

ಹುಬ್ಬು ಅಲುಗಲಿಲ್ಲ.

"ಬದನಿಕಾಯಿ ಎಣ್ಣಗಾಯಿ ಐತಿ ನೋಡು!"

ಅದಕ್ಕೂ ಇಲ್ಲ. ಅಕ್ಕಾರ ಕಣ್ಣೊರೆಸಿಕೊಂಡು, ತನ್ನಿಂದಲೇ ಪೈಪು ಹೋಯಿತು, ತಾನೂ ಉಣ್ಣುವುದಿಲ್ಲ ಎಂದು ಹಟ ಹಿಡಿದು ಕೂತರು. ಬರೀ ಚಹಾ.

ಮೂರನೇ ದಿನ ಮಧ್ಯಾಹ್ನ ಕೋಣೆಯಲ್ಲಿ ಗುರ್ರ್ ಎಂದು ಸದ್ದಾಯಿತು.

"ಕೇಳಿದ್ಯಾ! ಹೊಟ್ಟಿ ಕೂಗಾಕತ್ತೈತಿ! ನನ್ನ ತಮ್ಮ ಹಸ್ತಾನ!"

ತಪ್ಪು ಮಾಡಿದೆನೇ? ಬಗ್ಗಿ ಅವರ ಹೊಟ್ಟೆಗೆ ಕಿವಿ ಇಟ್ಟೆ. ಏನೂ ಇಲ್ಲ. ಮತ್ತೆ ಗುರ್ರ್ ಎಂದಿತು, ನನ್ನ ಬೆನ್ನ ಹಿಂದೆ.

"ಅಕ್ಕಾರ," ಎಂದೆ, "ಅದು ನಿಮ್ದರಿ."

ಅಕ್ಕಾರ ತಮ್ಮ ಹೊಟ್ಟೆ ಒತ್ತಿ ಹಿಡಿದರು. ಅದು ಇನ್ನೂ ಜೋರಾಗಿ ಕೂಗಿತು. ಇಬ್ಬರೂ ನಕ್ಕೆವು, ಅತ್ತೆವು, ಯಾವುದು ಮೊದಲೋ ನೆನಪಿಲ್ಲ. ಅಲ್ಲೇ ಮಂಚದ ಬಾಜೂ ಕೂತು ಅಕ್ಕಾರ ಮೂರು ರೊಟ್ಟಿ ತಿಂದರು.

ನಾಲ್ಕನೇ ದಿನ ಬೆಳಿಗ್ಗೆ ನಿಮ್ಮ ಅಜ್ಜನ ಉಸಿರು ದೂರ ದೂರವಾಗಿ, ನಿಂತಿತು. ಅವರ ಒಳಗೆ ಏನಿತ್ತೆಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಆ ನಾಲ್ಕು ದಿನ ಕೆಮ್ಮು ಒಮ್ಮೆಯೂ ಬರಲಿಲ್ಲ. ಮುಖದಲ್ಲಿ ನೋವು ಕಾಣಲಿಲ್ಲ.

ಮಣ್ಣು ಮುಗಿಸಿ ಬಂದವರಲ್ಲಿ ಒಬ್ಬಾಕೆ ನನ್ನನ್ನು ಕೇಳಿದಳು: "ನಿಮ್ಮನಿಯವ್ರು ಎಷ್ಟ ದಿನಾ ಉಪಾಸ ಇದ್ರವಾ?"

ಅಕ್ಕಾರ ಒಳಗಿನಿಂದಲೇ ಗದರಿದರು: "ಅಂವಾ ಎಲ್ಲಿ ಉಪಾಸ ಇದ್ದ? ಉಪಾಸ ಇದ್ದಾಕಿ ನಾನು!"