ತಂದೆ ಕಡೆಯ ತಲೆನೋವು

ನನ್ನ ಹೆಂಡತಿಯ ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬಂದವರಿಗೆಲ್ಲ ಅವಳ ಸೋದರಮಾವ ಒಂದೇ ಮಾತು ಹೇಳುತ್ತಿದ್ದರು: ದೈವಕ್ಕೆ ಏನೋ ತಪ್ಪಾಗಿದೆ. ಏನು ತಪ್ಪು ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಬಡಿಸುವುದು ತಡವಾಗುತ್ತಿತ್ತು. ಅವಳು ಸತ್ತದ್ದು ಮೆದುಳಿನೊಳಗೆ ಬೆಳೆದ ಗಡ್ಡೆಯಿಂದ. ಆ ಮಾತು ಮಾತ್ರ ಮಾವನಿಗೆ ಆಗುತ್ತಿರಲಿಲ್ಲ. ತಲೆಯ ರೋಗ ಎಂದರೆ ಮನೆತನಕ್ಕೆ ಕಡಿಮೆಯಂತೆ. ದೈವದ ಸಿಟ್ಟು ಎಂದರೆ ಒಂದು ತೂಕವಂತೆ.

ಪುಂಜಾಲಕಟ್ಟೆಯ ಹತ್ತಿರದ ಆ ಮನೆಗೆ ಅವರೇ ಯಜಮಾನರು. ನಮ್ಮ ಅಳಿಯಕಟ್ಟಿನ ಪದ್ಧತಿಯಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಹಾಗಾಗಿ ನನ್ನ ಮಗಳು ಆ ಮನೆಯವಳು. ನಾನು ಅಲ್ಲಿ ಉಣ್ಣುತ್ತಿದ್ದ ಒಬ್ಬ ಗಂಡಸು.

ಆಗ ಇಸವಿ ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು. ಮಳೆಗಾಲ ಮುಗಿದ ಮೇಲೆ, ಅವಳಿಗೆ ಆಪರೇಶನ್ ಆಗಿದ್ದ ಆಸ್ಪತ್ರೆಯಿಂದ ಒಬ್ಬ ಮಹಿಳೆ ಬಂದರು. ಮೈಸೂರು ಕಡೆಯವರು. ಮದ್ದು ಬರೆಯುವ ಡಾಕ್ಟರಲ್ಲ, ಇಂಥ ಗಡ್ಡೆಗಳ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ. ಈ ರೋಗ ರಕ್ತದಲ್ಲಿ ಇಳಿದು ಬರುತ್ತದೆಯೇ ಎಂದು ತಿಳಿಯಲು ಸತ್ತವರ ಮನೆಗಳಿಗೆ ಹೋಗುತ್ತಿದ್ದರು.

"ನಮ್ಮ ಮೈಯಲ್ಲಿ ಕಾವಲುಗಾರರಿದ್ದಾರೆ. ಹೊರಗಿನಿಂದ ಏನು ಬಂದರೂ ಹಿಡಿದು ಕೊಲ್ತಾರೆ. ಆದ್ರೆ ಈ ಗಡ್ಡೆಯನ್ನ ಮನೆಯವನೇ ಅಂತ ಸುಮ್ಮನೆ ಬಿಟ್ಟುಬಿಡ್ತಾರೆ. ಯಾಕೆ ಅಂತ ಹುಡುಕ್ತಾ ಇದೀನಿ," ಎಂದರು.

"ಹಾಗಾದರೆ ನಮ್ಮ ಇವರ ಹಾಗೆಯೇ ಮಾರಾಯ್ರೆ!" ಮಾವ ನನ್ನತ್ತ ಗದ್ದ ಎತ್ತಿದರು. "ಬಂದು ಕೂತದ್ದು ಕೂತದ್ದೇ. ಎಬ್ಬಿಸಲಿಕ್ಕೆ ಯಾರಿಂದಲೂ ಆಗುವುದಿಲ್ಲ."

ಹೆಂಡತಿ ಸತ್ತವನ ಮುಂದೆ ಆಡುವ ಹಾಸ್ಯ ಅದು. ಮಾವನೇ ಮನಸಾರೆ ನಕ್ಕರು.

"ನಿಮ್ಮ ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ?" ಎಂದು ಆಕೆ ಕೇಳಿದರು.

"ನಮ್ಮ ಕುಟುಂಬದಲ್ಲಿಯಾ? ಇಲ್ಲವೇ ಇಲ್ಲ. ಹೇಳ್ತೇನೆ, ಬರೆದುಕೊಳ್ಳಿ." ತಾಯಿ, ಅಜ್ಜಿ, ಅಜ್ಜಿಯ ಅಕ್ಕತಂಗಿಯರು, ಮಾವಂದಿರು ಎಲ್ಲರನ್ನೂ ಮೆರವಣಿಗೆ ಹೊರಡಿಸಿದರು. ಒಬ್ಬರಿಗೂ ಒಂದು ನೆಗಡಿ ಸಹ ಇರಲಿಲ್ಲ. ಆಕೆ ಶ್ರದ್ಧೆಯಿಂದ ಬರೆದುಕೊಂಡರು.

ಆಸ್ಪತ್ರೆಯಲ್ಲಿ ಹೆಂಡತಿ ನನಗೆ ಹೇಳಿದ್ದಳು, ತನ್ನ ತಂದೆಯ ಊರಾದ ನೆರಿಯದಲ್ಲಿದ್ದ ಅತ್ತೆಗೂ ಬೆಳಗಾಗುತ್ತಲೇ ಹೀಗೆ ವಾಂತಿ ಬರುತ್ತಿತ್ತು, ದೊಡ್ಡಪ್ಪನೂ ತಲೆ ಹಿಡಿದುಕೊಂಡೇ ಸತ್ತರು ಎಂದು.

"ಅವಳ ತಂದೆಯ ಅಕ್ಕನಿಗೆ ಇತ್ತು, ಅಣ್ಣನಿಗೂ ಇತ್ತು," ಎಂದೆ.

ಮಾವನಿಗೆ ಸಿಟ್ಟು ಬಂತು. "ಅದು ಬೇರೆ ಕುಟುಂಬ! ಇವರು ಕೇಳಿದ್ದು ನಮ್ಮ ಕುಟುಂಬದ್ದು. ಕನ್ನಡ ಅರ್ಥ ಆಗುವುದಿಲ್ಲವಾ ನಿಮಗೆ?"

ಆಕೆಯ ಪೆನ್ನು ನಿಂತಿತು. "ತಂದೆ ಕಡೆಯವರು ಕುಟುಂಬ ಅಲ್ವಾ?"

"ಅಲ್ಲ. ಅದು ಹೇಗೆ ಆಗ್ತದೆ?"

"ಬೆಳ್ತಂಗಡಿಯಿಂದ ಇಲ್ಲಿವರೆಗೂ ಎಲ್ಲ ಮನೆಗಳಲ್ಲೂ ನಾನು ಹೀಗೇ ಕೇಳಿಕೊಂಡು ಬಂದಿದೀನಿ," ಎಂದರು ಆಕೆ, ತಮಗೇ ಹೇಳಿಕೊಳ್ಳುವಂತೆ. ಅಷ್ಟು ಓದಿದವರು, ಒಂದು ಶಬ್ದಕ್ಕೆ ಈ ಊರಿನಲ್ಲಿ ಏನರ್ಥ ಎಂದು ವಿಚಾರಿಸಿರಲಿಲ್ಲ. ಆದರೂ ತಪ್ಪು ತಿಳಿದ ಕೂಡಲೇ ನಾಚಿಕೆಯಿಂದ ಅವರ ಮುಖ ಕೆಂಪಾಯಿತು. ನಮ್ಮ ಯಜಮಾನರಿಗೆ ಹಾಗಾದದ್ದನ್ನು ನಾನು ಕಂಡವನಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. "ನನ್ನ ಮಗಳಿಗೆ ಬರ್ತದಾ?"

"ಅವಳು ನಮ್ಮ ಕುಟುಂಬ. ಅವಳಿಗೆ ಏನೂ ಬರುವುದಿಲ್ಲ," ಎಂದರು ಮಾವ. ನೆರಿಯದ ಅಜ್ಜನ ರಕ್ತ ಇವರ ಅಪ್ಪಣೆ ಕೇಳಿ ಹರಿಯುತ್ತದೆ ಎನ್ನುವ ಹಾಗೆ.

ಆಕೆ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ. ಇವತ್ತು ಯಾರಿಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ತಲೆಯೊಳಗೆ ಒತ್ತಡ ಹೆಚ್ಚಿದ್ರೆ ಕಣ್ಣಿನ ಹಿಂಭಾಗದಲ್ಲಿ ಕಾಣುತ್ತೆ. ನನಗೆ ಅವಳ ಸ್ವಲ್ಪ ರಕ್ತ ಬೇಕು. ಅದರಿಂದ ಅವಳಿಗೆ ಈಗ ಏನೂ ಲಾಭ ಇಲ್ಲ, ಮುಂದೆ ಯಾರಿಗಾದರೂ ಆಗಬಹುದು."

"ರಕ್ತವೂ ಇಲ್ಲ, ಕಣ್ಣೂ ಇಲ್ಲ. ನಾಳೆ ಸಂಬಂಧ ಕೇಳಿಕೊಂಡು ಬಂದವರಿಗೆ ಏನು ಹೇಳುವುದು? ಹುಡುಗಿ ಈ ಮನೆಯದ್ದು."

ಮಗಳು ಬಾಗಿಲ ಹತ್ತಿರ ನಿಂತಿದ್ದಳು. "ನೋವಾಗ್ತದಾ, ಟೀಚರ್?" ಎಂದು ಆಕೆಯನ್ನು ಕೇಳಿದಳು. ಓದಿದ ಹೆಂಗಸರೆಲ್ಲ ಅವಳಿಗೆ ಟೀಚರ್. ಸ್ವಲ್ಪ ಎಂದು ಗೊತ್ತಾದ ಮೇಲೆ ಬಂದು ನನ್ನ ಪಕ್ಕ ಕುಳಿತು ತೋಳು ಚಾಚಿದಳು. ಮಾವ ಅಂಗಳಕ್ಕೆ ಇಳಿದು ಬಾಳೆಗಿಡಗಳಿಗೆ ಕೇಳುವಂತೆ ಬೈದರು. ಸೂಜಿಯ ಹತ್ತಿರ ಬರಲು ಧೈರ್ಯವಿರಲಿಲ್ಲ.

ಆ ವಾರವೇ ಮಗಳನ್ನು ಕರೆದುಕೊಂಡು ಮೂಡಬಿದಿರೆಗೆ ಹೋಗಿ ಬಾಡಿಗೆಗೆ ಕೋಣೆ ಹಿಡಿದೆ. ಅಳಿಯ ಹುಡುಗಿಯನ್ನು ಕದ್ದ ಎಂದು ಬಂಟ್ವಾಳದವರೆಗೂ ಸುದ್ದಿಯಾಯಿತು. ಆಗಲಿ. ವರ್ಷಕ್ಕೊಮ್ಮೆ ಮಂಗಳೂರಿನ ಕಣ್ಣಿನ ಡಾಕ್ಟರು ಅವಳ ಕಣ್ಣಿಗೆ ಮದ್ದು ಬಿಟ್ಟು, ದೀಪ ಹಿಡಿದು ಒಳಗೆ ನೋಡುತ್ತಾರೆ. ಅವರು ತಲೆ ಎತ್ತುವವರೆಗೆ ನಾನು ಉಸಿರು ಬಿಡುವುದಿಲ್ಲ.