ದರ್ಜಿ ಚಿಕ್ಕಮ್ಮನ ಎರಡು ಬಗೆಯ ಚಿಟ್ಟೆಗಳು

"ದರ್ಜಿ ಚಿಕ್ಕಮ್ಮನ ನಿಂಬೆಗಿಡದಲ್ಲಿ ಕಾಯಿಗಿಂತ ಹುಳಾನೇ ಜಾಸ್ತಿ" ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಎದುರುಮನೆಯ ನರ್ಸಮ್ಮ ಮಾತ್ರ ನಗುತ್ತಿರಲಿಲ್ಲ. ತನ್ನ ನಿಂಬೆಗಿಡವನ್ನೂ ಬೋಳಿಸುತ್ತಿರುವುದು ಅವೇ ಹುಳುಗಳ ಸಂತಾನ ಎಂದು ಸಿಟ್ಟಿನಿಂದ ಔಷಧಿ ಹೊಡೆಯುತ್ತಿದ್ದಳು. ಇಬ್ಬರಿಗೂ ಮಾತುಕತೆ ನಿಂತುಹೋಗಿತ್ತು.

ಚಿಕ್ಕಮ್ಮನ ಹೊಲಿಗೆ ಮಿಷನ್ ಇದ್ದದ್ದು ಹಿತ್ತಿಲ ಕಿಟಕಿಯ ಪಕ್ಕ. ಕಿಟಕಿಯಾಚೆ ನಿಂಬೆ, ಗೋಡೆಯಾಚೆಯ ಖಾಲಿ ಸೈಟಿನಲ್ಲಿ ಎಕ್ಕದ ಪೊದೆ. ನಾವು ಮಕ್ಕಳು ಗುಂಡಿ ಹೊಲಿಸಲು ಹೋದರೆ ಪಾಠ ಶುರು.

"ನಿಂಬೆ ಚಿಟ್ಟೆಗೆ ಕಪ್ಪು ಮೈಮೇಲೆ ಹಳದಿ ಚುಕ್ಕಿ. ಒಂದು ಕಡೆ ನಿಂತಿದ್ದು ನೋಡಿದ್ದೀರಾ? ಥೇಟ್ ನಿಮ್ಮ ಹಾಗೇ! ಎಕ್ಕದ್ದು ನೋಡಿ, ಕೇಸರಿ ರೆಕ್ಕೆ, ಎಷ್ಟು ನಿಧಾನ! ಎಕ್ಕ ತಿಂದು ಮೈಯೆಲ್ಲ ಕಹಿ. ಹಕ್ಕಿ ಮುಟ್ಟಲ್ಲ, ಇನ್ಯಾಕೆ ಅವಸರ?"

ಚಿಟ್ಟೆಯಾಗುವ ಮುನ್ನ ಹುಳು ಕೋಶ ಕಟ್ಟುವುದರಲ್ಲೂ ಎರಡರ ದಾರಿ ಬೇರೆ. ನಿಂಬೆಯದು ಸೊಂಟಕ್ಕೊಂದು ನೂಲು ಬಿಗಿದುಕೊಂಡು ಕೊಂಬೆಗೆ ಒರಗುತ್ತದೆ. ಎಕ್ಕದ್ದು ತಲೆಕೆಳಗಾಗಿ ತೂಗುತ್ತದೆ.

ಇದೆಲ್ಲ ಅವಳು ಎಡವಟ್ಟು ಮಾಡಿಕೊಂಡೇ ಕಲಿತದ್ದು. ಮದುವೆಯಾದ ಹೊಸದರಲ್ಲಿ ಯಾರೋ ಎಕ್ಕ ಕಡಿಯಲು ಬಂದರೆಂದು, ಅದರ ಪಟ್ಟೆಪಟ್ಟೆ ಹುಳುಗಳನ್ನು ಬಟ್ಟೆಚೂರಿನಲ್ಲಿ ತಂದು ನಿಂಬೆಗೆ ಬಿಟ್ಟಳು. ಒಂದೂ ಎಲೆಗೆ ಬಾಯಿ ಹಾಕಲಿಲ್ಲ. ಬಸ್ ಡ್ರೈವರ್ ಚಿಕ್ಕಪ್ಪ, "ನಿನ್ನ ಅಡುಗೆ ನನಗೆ ಒಗ್ಗಿತು ಅಂತ ಎಲ್ರಿಗೂ ಒಗ್ಗುತ್ತೇನೇ?" ಎಂದು ನಕ್ಕನಂತೆ. ಹುಳುಗಳು ಸೊರಗಿ ಉದುರಿದವು. ಚಿಕ್ಕಪ್ಪ ತೀರಿಕೊಂಡ ಮೇಲೂ ಆ ಮಾತು ಹೇಳುವಾಗೆಲ್ಲ ಅವಳ ಕಾಲು ಮಿಷನ್ ತುಳಿಯುವುದನ್ನು ನಿಲ್ಲಿಸಿಬಿಡುತ್ತಿತ್ತು.

ಚಿಕ್ಕಮ್ಮನದು ಬಾಡಿಗೆ ಮನೆ. ಕೆಡವಿ ಕಟ್ಟುತ್ತೇನೆಂದ ಮಾಲೀಕ. ಚಿಕ್ಕಮ್ಮ ತಂಗಿಯ ಮನೆಯ ಮಹಡಿ ಕೋಣೆಗೆ ಹೊರಟಳು. ಸಾಮಾನೆಲ್ಲ ಹೋದ ಬೆಳಿಗ್ಗೆ ನೋಡುತ್ತಾಳೆ, ನಿಂಬೆಯ ತುಂಬ ಹಸಿರು ಹುಳು! ಮಧ್ಯಾಹ್ನವೇ ಗಿಡ ಕಡಿಯುವವರು ಬರುವವರಿದ್ದರು. ಸೈಟಿನಲ್ಲಿ ಎಕ್ಕವೇನೋ ಬೇಕಾದಷ್ಟಿತ್ತು, ಆದರೆ ಇವಕ್ಕೆ ಅದು ಆಗದು. ಬೀದಿಯಲ್ಲಿದ್ದ ಇನ್ನೊಂದೇ ನಿಂಬೆ ಯಾರದೆಂದು ಹೇಳಬೇಕೇ?

ಹುಳು ಸಮೇತ ಚಿಗುರು ಕತ್ತರಿಸಿ, ಬುಟ್ಟಿಗೆ ತುಂಬಿ, ಎದುರುಮನೆ ಬಾಗಿಲು ಬಡಿದಳು.

"ಅಕ್ಕಾ, ಇವನ್ನ ನಿಮ್ಮ ಗಿಡಕ್ಕೆ ಬಿಡ್ಲಾ?"

"ಮನೆ ಬಿಡೋ ದಿನಾನೂ ಹುಳ ಹೊತ್ಕೊಂಡು ಬಂದ್ಯಲ್ಲೇ! ನನ್ನ ಗಿಡ ಏನು ಛತ್ರಾನಾ?"

"ಇನ್ನೊಂದು ವಾರ ತಿಂತವೆ, ಅಷ್ಟೇ. ಆಮೇಲೆ ಅವೂ ಇರಲ್ಲ, ನಾನೂ ಇರಲ್ಲ."

ನರ್ಸಮ್ಮ ಬುಟ್ಟಿಯನ್ನು ನೋಡಿದಳು. ಎದುರಿನ ಬರಿದಾದ ಮನೆಯನ್ನೂ ನೋಡಿದಳು.

"ಹಿಂದಿನ ಕೊಂಬೆಗೆ ಬಿಡು. ಈ ತಿಂಗಳು ಔಷಧಿ ಹೊಡೆಯಲ್ಲ, ಹೋಗು."

ಚಿಕ್ಕಮ್ಮ ಒಂದೊಂದೇ ಚಿಗುರನ್ನು ಕೊಂಬೆಗೆ ಸಿಕ್ಕಿಸಿದಳು. ಮೊದಲ ಹುಳು ಹೊಸ ಎಲೆಯ ಅಂಚು ಕಡಿಯುವವರೆಗೂ ಇಬ್ಬರೂ ಬಾಗಿ ನೋಡುತ್ತ ನಿಂತಿದ್ದರು. ಆಮೇಲೆ ಚಿಕ್ಕಮ್ಮ ಮನೆಗೆ ಮರಳಿ, ಖಾಲಿ ಕೋಣೆಗಳಲ್ಲಿ ಒಂದು ಸುತ್ತು ಹಾಕಿ, ಬಾಗಿಲಿಗೆ ಬೀಗ ಜಡಿದು ಬೀದಿಗಿಳಿದಳು.